ಹಿನ್ನೀರಿನಾಚೆಯ ದೊಡ್ಡಮ್ಮ

ಸಿಗಂದೂರಿಗೆ ಹೋಗಿ ಬಂದಿದ್ದೀರಾ? ಹೋಗದವರಿಗೂ ಚೌಡೇಶ್ವರಿಯ ಹೆಸರು ಹೊಸದೇನಲ್ಲ. ಅಡಿಕೆ ತೋಟದ ಬೇಲಿಗೆ, ಕಟ್ಟುತ್ತಿರುವ ಮನೆಯ ಮುಂದೆ, ಅಂಗಡಿಯ ಬಾಗಿಲಿಗೆ, ಈ ಜಾಗಕ್ಕೆ ಸಿಗಂದೂರು ದೇವಿಯ ಕಾವಲಿದೆ ಎನ್ನುವ ಬೋರ್ಡನ್ನು ನೀವೂ ನೋಡಿಯೇ ಇರುತ್ತೀರಿ. ಕಳ್ಳಕಾಕರಿಂದ ಕಾಯುವ ತಾಯಿ ಅಂತ ಜನರ ನಂಬಿಕೆ. ಜನವರಿಯ ಸಂಕ್ರಾಂತಿ ಜಾತ್ರೆಗಂತೂ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಆದರೆ ನಾನು ಇವತ್ತು ಹೇಳಹೊರಟಿರುವುದು ದೇವಸ್ಥಾನದ ವಿಷಯವಲ್ಲ. ಅದೇ ದಾರಿಯಲ್ಲಿ, ತುಮರಿ ಕಡೆಯ ಒಂದು ಹಳ್ಳಿಯಲ್ಲಿರುವ ನಮ್ಮ ದೊಡ್ಡಮ್ಮನ ವಿಷಯ. ಇಂಥ ಒಬ್ಬ ದೊಡ್ಡಮ್ಮನೋ, ಸೋದರತ್ತೆಯೋ, ಚಿಕ್ಕಜ್ಜಿಯೋ ನೀವು ಹೋಗುವ ಯಾವುದಾದರೊಂದು ಯಾತ್ರೆಯ ದಾರಿಯಲ್ಲಿ ಇದ್ದೇ ಇರುತ್ತಾರೆ. ಅದಕ್ಕೇ ನಿಮ್ಮೊಂದಿಗೆ ಹಂಚಿಕೊಳ್ಳೋಣ ಅನ್ನಿಸಿತು.

ಮೊದಲು ದಾರಿ ಹೇಳುತ್ತೇನೆ. ಶಿವಮೊಗ್ಗ ಜಿಲ್ಲೆಯ ಸಾಗರದಿಂದ ಆವಿನಹಳ್ಳಿಯ ಮೇಲೆ ಹೋದರೆ ಅಂಬಾರಗೋಡ್ಲು ಸಿಗುತ್ತದೆ. ಅಲ್ಲಿಯ ಹೊಳೆಬಾಗಿಲಿನಲ್ಲಿ ನೆಲ ಮುಗಿದು ನೀರು ಶುರು. ಅದು ಶರಾವತಿಯ ಹಿನ್ನೀರು. ಆಚೆ ದಡ ಕಳಸವಳ್ಳಿ. ಮೊನ್ನೆ ಮೊನ್ನೆಯವರೆಗೂ ಇಲ್ಲಿ ದಾಟಬೇಕಾದರೆ ಲಾಂಚೇ ಗತಿ. ಜನ, ಬೈಕು, ಕಾರು, ಬಸ್ಸು ಎಲ್ಲವೂ ಅದರ ಮೇಲೇ. ಬೇಸಿಗೆಯಲ್ಲಿ ನೀರು ಇಳಿದರೆ ಗಾಡಿ ಹತ್ತಿಸುತ್ತಿರಲಿಲ್ಲ. ಸಂಜೆಯ ಕಡೆಯ ಲಾಂಚು ತಪ್ಪಿತೋ, ಆಚೆಯವರು ಆಚೆ, ಈಚೆಯವರು ಈಚೆ. ರಾತ್ರಿ ಹೊತ್ತು ಹೆರಿಗೆ ನೋವು ಬಂದವರ, ಹಾವು ಕಚ್ಚಿದವರ ಪಾಡು ಏನಾಗಿರಬೇಕು, ನೀವೇ ಯೋಚಿಸಿ.

2025ರ ಜುಲೈ 14ರಂದು ಸೇತುವೆ ಉದ್ಘಾಟನೆಯಾಯಿತು. ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ಗಂಟೆಗಟ್ಟಲೆ ಕಾಯುತ್ತಿದ್ದ ಜಾಗವನ್ನು ಈಗ ಐದು ನಿಮಿಷದಲ್ಲಿ ದಾಟಬಹುದು. ಆ ಕಡೆಯವರು ಎಷ್ಟೋ ವರ್ಷ ಕೇಳಿ ಕೇಳಿ ಪಡೆದ ಸೇತುವೆ ಅದು. ಯಾರಿಗೆ ತಾನೇ ಸಂತೋಷವಾಗುವುದಿಲ್ಲ?

ದೊಡ್ಡಮ್ಮನಿಗೂ ಸಂತೋಷವೇ. ಆದರೆ ಅವಳು ಒಂದು ಮಾತು ಹೇಳಿದಳು. "ಲಾಂಚು ಇದ್ದಾಗ ಕಡೇ ಟ್ರಿಪ್ಪು ತಪ್ಪಿದವರೆಲ್ಲ ನಮ್ಮನೆ ಜಗಲಿ ಮೇಲೇ ಮಲಗ್ತಿದ್ರು ಕಣೆ. ಈಗ ಎಲ್ಲರೂ ಬರ್ತಾರೆ, ಕಾರಿನಿಂದಲೇ ಕೈ ಬೀಸ್ತಾರೆ, ಹೋಗ್ತಾರೆ."

ದೊಡ್ಡಮ್ಮನಿಗೆ ಈಗ ಎಂಬತ್ತನಾಲ್ಕು. ಸೊಂಟ ಬಾಗಿದೆ, ಕಣ್ಣು ಮಂಜು. ಕಿವಿ ಮಾತ್ರ ಚುರುಕು. 2025ರ ಅಕ್ಟೋಬರಿನಲ್ಲಿ ಭೂಮಿ ಹುಣ್ಣಿಮೆಗೆಂದು ನಾನೂ ನನ್ನ ಮಗಳೂ ಹೋಗಿ ಎರಡು ದಿನ ಇದ್ದೆವು. ಹೋದ ತಕ್ಷಣ "ಬಂದ್ಯಾ? ಕೈಕಾಲು ತೊಳ್ಕೊಂಡು ಮೊದಲು ದೇವರಿಗೆ ಕೈ ಮುಗಿ" ಅಂದಳು. ಅವಳ ದೇವರ ಕೋಣೆಯಲ್ಲಿ ಫೋಟೋ ಕಡಿಮೆ. ಮಧ್ಯದಲ್ಲಿ ಅರಿಶಿನ ಕುಂಕುಮ ಹಚ್ಚಿದ ಒಂದು ಕಪ್ಪು ಕಲ್ಲು. ಅದೇ ಮನೆಯ ಚೌಡಮ್ಮ.

ಆ ಕಲ್ಲು ಮೊದಲಿಂದ ಅಲ್ಲಿದ್ದದ್ದಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ನೀರು 1,819 ಅಡಿ ಮಟ್ಟದವರೆಗೆ ನಿಲ್ಲುವ ಹಾಗಾಯಿತು. ಕಣಿವೆಯ ಗದ್ದೆ, ತೋಟ, ಮನೆ, ಗುಡಿ ಎಲ್ಲ ನೀರಿನ ಪಾಲು. ಅದಕ್ಕೂ ಮುಂಚೆ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೇ ಈ ನೀರಿನಡಿ ಮುಳುಗಿತು ಅಂದಮೇಲೆ ಬಡವರ ಮನೆ ಯಾವ ಲೆಕ್ಕ? ಸಾಗರದ ಲೇಖಕ ನಾ. ಡಿಸೋಜ ಅವರ 'ದ್ವೀಪ' ಕಾದಂಬರಿ ಓದಿದವರಿಗೆ, ಇಲ್ಲವೇ ಅದನ್ನಾಧರಿಸಿ ಗಿರೀಶ್ ಕಾಸರವಳ್ಳಿಯವರು ಮಾಡಿದ, ಸೌಂದರ್ಯ ನಟಿಸಿದ ಸಿನಿಮಾ ನೋಡಿದವರಿಗೆ ಆ ಮುಳುಗಡೆಯ ಸಂಕಟ ಗೊತ್ತಿರುತ್ತದೆ.

ದೊಡ್ಡಮ್ಮ ಆಗ ಇಪ್ಪತ್ತಮೂರು ವರ್ಷದ ಬಾಣಂತಿ. ಕೆಲವರನ್ನು ದೂರದ ಊರುಗಳಿಗೆ ಲಾರಿಯಲ್ಲಿ ಸಾಗಿಸಿದರು. ಇವರ ಮನೆಯವರು ಗುಡ್ಡದ ಮೇಲಕ್ಕೆ ಸರಿದು ಸೋಗೆಯ ಗುಡಿಸಲು ಕಟ್ಟಿಕೊಂಡರು. "ಏನೇನು ತಂದ್ರಿ ದೊಡ್ಡಮ್ಮ?" ಅಂತ ನನ್ನ ಮಗಳು ಕೇಳಿದಳು. "ಭತ್ತದ ಬೀಜ ತಂದ್ವಿ, ಮಗು ತಂದ್ವಿ, ಚೌಡಮ್ಮನ್ನ ನಿಮ್ಮಜ್ಜ ಹೆಗಲ ಮೇಲೆ ಹೊತ್ಕೊಂಡು ಬಂದ್ರು. ಒರಳುಕಲ್ಲು ಎತ್ತಕ್ಕಾಗ್ಲಿಲ್ಲ. ಅಲ್ಲೇ ಇದೆ" ಅಂದಳು. ಏನೋ ಪಕ್ಕದ ಮನೆಯಲ್ಲಿ ಬಿಟ್ಟುಬಂದವಳ ಹಾಗೆ! ಆ ನೀರಿನಿಂದ ನಾಡಿಗೆಲ್ಲ ಕರೆಂಟು ಹೋಯಿತು. ದೊಡ್ಡಮ್ಮನ ಮನೆಗೆ ದೀಪ ಬಂದದ್ದು ಎಷ್ಟೋ ವರ್ಷಗಳ ಮೇಲೆ.

"ದೇವರ ಮೇಲೆ ಸಿಟ್ಟು ಬರಲಿಲ್ವಾ?" ಅಂತ ನಾನು ಕೇಳಿಯೇಬಿಟ್ಟೆ. ಅವಳು ನಕ್ಕಳು. "ಬಾರದೆ ಏನು? ಒಂದು ವರ್ಷ ದೀಪಾನೇ ಹಚ್ಚಲಿಲ್ಲ. ಆಮೇಲೆ ಅನ್ನಿಸ್ತು, ಅವಳ ಗುಡೀನೂ ನಮ್ಮ ಮನೆ ಜೊತೇಲೇ ಮುಳುಗ್ತಲ್ಲ, ಅವಳೂ ನಮ್ಮ ಹಾಗೇ ನಿರಾಶ್ರಿತೆ ಅಂತ. ಮನೆಗೆ ಬಂದವಳಿಗೆ ದೀಪ ಇಡಬೇಡವಾ?" ನಾನು ಎಷ್ಟೋ ಪ್ರವಚನ ಕೇಳಿದ್ದೇನೆ. ಇಷ್ಟು ಸರಳವಾಗಿ ಭಕ್ತಿಯನ್ನು ಯಾರೂ ತಿಳಿಸಿರಲಿಲ್ಲ.

ಭೂಮಿ ಹುಣ್ಣಿಮೆ ಅಂದರೆ ಮಲೆನಾಡಿನಲ್ಲಿ ಭೂಮಿತಾಯಿಯ ಸೀಮಂತ. ಗದ್ದೆಯಲ್ಲಿ ಪೈರು ಹೊಡೆಯಾಗಿ ನಿಂತಿರುತ್ತದೆ. ಬಸುರಿಯ ಬಯಕೆ ತೀರಿಸುವ ಹಾಗೆ ರಾತ್ರಿಯಿಡೀ ಅಡಿಗೆ ಮಾಡಿ ಬೆಳಗಿನ ಜಾವ ಗದ್ದೆಗೆ ಒಯ್ದು ಬಡಿಸುತ್ತಾರೆ. ಅದನ್ನು ಒಯ್ಯುವ ಬಿದಿರಿನ ಬುಟ್ಟಿಗೆ ಭೂಮಣ್ಣಿ ಬುಟ್ಟಿ ಅಂತ ಹೆಸರು. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಿಂದ ಚಿತ್ತಾರ ಬರೆಯುತ್ತಾರೆ. ದೊಡ್ಡಮ್ಮನ ಕೈ ನಡುಗುತ್ತದೆ. ಅವಳು ಗೆರೆ ಹೇಳುತ್ತಾ ಹೋದಳು, ನನ್ನ ಮಗಳು ಬರೆದಳು.

ರಾತ್ರಿ ಸೌತೆಕಾಯಿ ಕಡುಬಿಗೆ ಕೂತೆವು. ಬಲಿತ ಸೌತೆಕಾಯಿ ತುರಿದು, ಅದರ ನೀರಿನಲ್ಲೇ ಅಕ್ಕಿತರಿ ನೆನೆಸಿ, ಬೆಲ್ಲ, ಕಾಯಿತುರಿ, ಏಲಕ್ಕಿ, ಚಿಟಿಕೆ ಉಪ್ಪು ಸೇರಿಸಿ, ಬಾಡಿಸಿದ ಬಾಳೆಲೆಯಲ್ಲಿ ಮಡಿಚಿ ಮುಕ್ಕಾಲು ಗಂಟೆ ಹಬೆಯಲ್ಲಿ ಬೇಯಿಸುವುದು. ಬೇರೆ ನೀರು ಹಾಕಬಾರದು, ಅದೇ ಗುಟ್ಟು. ಕಡುಬು ಬೇಯುವಷ್ಟು ಹೊತ್ತು ದೊಡ್ಡಮ್ಮ ನಮ್ಮ ಅಮ್ಮನ ಬಾಲ್ಯದ ಕತೆಗಳನ್ನು ಹೇಳಿದಳು. ಅಮ್ಮ ಶಾಲೆಗೆ ಹೋಗಲು ಹಟ ಹಿಡಿದು ಹುಲ್ಲಿನ ಅಟ್ಟದಲ್ಲಿ ಅಡಗಿ ಕೂತದ್ದು ನನಗೆ ಗೊತ್ತಾದದ್ದೇ ಆ ರಾತ್ರಿ.

ಬೆಳಗಿನ ಜಾವ ಗದ್ದೆಗೆ ಹೊರಟಾಗ ದೊಡ್ಡಮ್ಮ ಮೊದಲು ನೀರಿನ ಅಂಚಿಗೆ ಕರೆದುಕೊಂಡು ಹೋದಳು. ನಾನಾ ಸೊಪ್ಪು ಸೇರಿಸಿ ಬೇಯಿಸಿದ ಹಚ್ಚಂಬಲಿಯ ಮೊದಲ ಹಿಡಿ ಹಿನ್ನೀರಿಗೆ ಎರಚಿದಳು. ಹಳೆಯ ಗದ್ದೆ ಆ ನೀರಿನ ಕೆಳಗಿದೆ. "ಬೆಳೆ ಕೊಡಲಿ ಬಿಡಲಿ, ಅವಳೂ ತಾಯಿನೇ. ಅವಳನ್ನ ಹಸಿವಿನಲ್ಲಿ ಬಿಟ್ಟು ಇವಳಿಗೆ ಬಡಿಸೋದು ಹ್ಯಾಗೆ?" ಅರವತ್ತು ವರ್ಷದಿಂದ ಹೀಗೇ ಮಾಡುತ್ತಿದ್ದಾಳಂತೆ. ಮಗಳು ಮೊಬೈಲು ತೆಗೆದವಳು ಹಾಗೇ ಒಳಗಿಟ್ಟಳು.

ಇನ್ನು ಮುಂದೆ ಏನು ಅನ್ನುವುದೇ ಆ ಮನೆಯ ಚಿಂತೆ. ದೊಡ್ಡಮ್ಮನ ಮಗ, ನಮ್ಮಣ್ಣ, ಬೆಂಗಳೂರಿನಲ್ಲಿದ್ದಾನೆ. ಅಣ್ಣ ಅತ್ತಿಗೆ ಇಬ್ಬರೂ ಒಳ್ಳೆಯವರೇ, ಬಂದುಬಿಡು ಅಂತ ಒತ್ತಾಯ ಮಾಡುತ್ತಿದ್ದಾರೆ. ಒಬ್ಬಳೇ ಬಿದ್ದುಗಿದ್ದರೆ ಅನ್ನುವ ಅವರ ಭಯವೂ ಸುಳ್ಳಲ್ಲ. ದೊಡ್ಡಮ್ಮನ ಲೆಕ್ಕ ಬೇರೆ. ಈಗಿರುವ ಜಮೀನಿಗೆ ಹಕ್ಕುಪತ್ರವಾಗಿಲ್ಲ. ಮುಳುಗಡೆಯಾದ ಎಷ್ಟೋ ಕುಟುಂಬಗಳ ಕತೆ ಇಂದಿಗೂ ಇದೇ. ಬಾಗಿಲಿಗೆ ಬೀಗ ಬಿದ್ದರೆ ಜಮೀನು ಏನಾದೀತೋ? ಚೌಡಮ್ಮನಿಗೆ ದೀಪ ಇಡುವವರು ಯಾರು? "ಒಂದು ಸಲ ಹೊತ್ತು ತಂದ ದೇವರನ್ನ ಮತ್ತೆ ಫ್ಲಾಟಿಗೆ ಹೊರೋಕಾಗುತ್ತಾ?" ಅಂದಳು. ಸಂಕ್ರಾಂತಿ ಜಾತ್ರೆ ಕಳೆಯಲಿ, ಆಮೇಲೆ ಹೇಳ್ತೀನಿ ಅಂತ ಅಣ್ಣನಿಗೆ ವಾಯಿದೆ ಕೇಳಿದ್ದಾಳೆ. ಇದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಅವಳು ಕೇಳಿದ್ದೂ ಉತ್ತರವನ್ನಲ್ಲ, ಕೂತು ಕೇಳುವ ಎರಡು ಕಿವಿಗಳನ್ನು. ಹೊರಡುವಾಗ ಚಿತ್ತಾರದ ಬುಟ್ಟಿಯನ್ನು ನನ್ನ ಮಗಳ ಕೈಗೆ ಕೊಟ್ಟಳು. "ನಮಗೆ ಗದ್ದೆ ಇಲ್ವಲ್ಲ ಅಜ್ಜಿ" ಅಂದಳು ಮಗಳು. "ತುಳಸಿಕಟ್ಟೆ ಮಣ್ಣು ಭೂಮಿ ಅಲ್ವೇನೇ?" ಅಂದಳು ದೊಡ್ಡಮ್ಮ.

ಸೋದರಿಯರೇ, ಹಿರಿಯರನ್ನು ನೋಡಲು ಹೋಗುವವರಿಗೆ ನನ್ನ ಅನುಭವದ ನಾಲ್ಕು ಮಾತು. ಒಂದು, ಗಡಿಬಿಡಿಯಲ್ಲಿ ಹೋಗಬೇಡಿ, ಒಂದು ರಾತ್ರಿಯಾದರೂ ಉಳಿಯಿರಿ. ಮುದುಕರಿಗೆ ಮಾತು ಬರುವುದು ದೀಪ ಹಚ್ಚಿದ ಮೇಲೇ. ಎರಡು, ಸಿಹಿ ಪೊಟ್ಟಣಕ್ಕಿಂತ ಮೆತ್ತಗಿನ ಹಣ್ಣು, ಒಂದು ಟಾರ್ಚು, ಜಾರದ ಚಪ್ಪಲಿ ಉಪಯೋಗಕ್ಕೆ ಬರುತ್ತವೆ. ಅವರ ಮಾತ್ರೆ ಎಷ್ಟು ಉಳಿದಿದೆ ಅಂತಲೂ ನೋಡಿ. ಮೂರು, ಆಸ್ತಿಪಾಸ್ತಿಯ ಮಾತನ್ನು ನೀವಾಗಿ ಎತ್ತಬೇಡಿ. "ನೀನು ಮದುವೆಯಾಗಿ ಬಂದಾಗ ಈ ಊರು ಹ್ಯಾಗಿತ್ತು?" ಅಂತ ಕೇಳಿ ನೋಡಿ, ಸಾಕು. ನಾಲ್ಕು, ಅವರು ಹೇಳಿದ ಹೆಸರು, ಊರು, ಮನೆದೇವರು, ಹಬ್ಬದ ಕ್ರಮ ಇವನ್ನು ಅದೇ ರಾತ್ರಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮಕ್ಕಳ ಕೈಯಲ್ಲಿ ಬರೆಸಿದರೆ ಇನ್ನೂ ಒಳ್ಳೆಯದು.

ಸೇತುವೆ ದಾರಿಯನ್ನು ಹತ್ತಿರ ಮಾಡಿದೆ, ಆದರೆ ನಡುವೆ ಇಳಿಯಬೇಕಾದವರು ನಾವೇ. ದೇವಿಯ ದರ್ಶನಕ್ಕೆ ಸಾಲಿನಲ್ಲಿ ನಿಲ್ಲುವಷ್ಟು ಹೊತ್ತನ್ನು ಆ ದಾರಿಯ ಒಂದು ಜಗಲಿಯ ಮೇಲೂ ಕಳೆಯಿರಿ. ತಾಯಿ ಅಲ್ಲೂ ಕೂತಿರುತ್ತಾಳೆ.