ಹೊರೆಗಲ್ಲಿನ ಎತ್ತರ

ನಮ್ಮ ಹಳ್ಳಿಯಿಂದ ದೊಡ್ಡಬಳ್ಳಾಪುರದ ಸಂತೆಗೆ ಹೋಗುತ್ತಿದ್ದ ಬಂಡಿಜಾಡಿನ ಮಗ್ಗುಲಲ್ಲಿ, ಹುಣಿಸೆಯ ಮರದ ನೆಳಲಿನಲ್ಲಿ, ನೆಟ್ಟಗೆ ನಿಲ್ಲಿಸಿದ ಎರಡು ಕಂಬಗಲ್ಲುಗಳ ಮೇಲೆ ಚಪ್ಪಡಿಯೊಂದನ್ನು ಅಡ್ಡಹಾಸಿದ ಹೊರೆಗಲ್ಲು ಇದ್ದಿತು. ಸೊಪ್ಪಿನ ಮಂಕರಿಯನ್ನೋ ಅವರೆಕಾಯಿಯ ಮೂಟೆಯನ್ನೋ ಹೊತ್ತು ಬಂದವರು ಅದರೆದುರು ನಿಂತು, ಕೊರಳನ್ನು ತುಸುವೇ ಮುಂದೆ ಚಾಚಿ, ತಲೆಯ ಭಾರವನ್ನು ಚಪ್ಪಡಿಯ ಮೇಲಕ್ಕೆ ಜಾರಿಸಿ, ಸಿಂಬೆಯನ್ನು ಕೈಗೆ ತೆಗೆದುಕೊಂಡು, ‘ಉಸ್ಸಪ್ಪಾ’ ಎಂದು ಬೆವರೊರಸಿಕೊಳ್ಳುತ್ತಿದ್ದರು. ತಲೆತಲಾಂತರದಿಂದ ಹೊರೆಗಳು ಉಜ್ಜಿ ಉಜ್ಜಿ ಆ ಚಪ್ಪಡಿಯ ಅಂಚು ಒನಕೆಯ ಹಿಡಿಯಂತೆ ನುಣುಪಾಗಿದ್ದಿತು. ಕುಳಿತುಕೊಳ್ಳುವುದಕ್ಕೂ ಬಾರದಷ್ಟು ಎತ್ತರದಲ್ಲಿ ಕಲ್ಲನ್ನು ಇಟ್ಟವರಾರು, ಏಕೆ ಇಟ್ಟರು ಎಂದು ಹುಡುಗನಾಗಿದ್ದ ನಾನು ಬೆರಗಾಗುತ್ತಿದ್ದೆನು.

ಆ ಎತ್ತರದ ಅರ್ಥ ತಿಳಿದುದು ಬಹುಕಾಲದ ಮೇಲೆ. ಒಕ್ಕಣೆ ಮುಗಿದ ಒಂದು ಸಂಜೆ, ಮೋಡ ಕವಿದುದನ್ನು ಕಂಡು ಆತುರಪಟ್ಟು, ಕಣದಲ್ಲಿದ್ದ ರಾಗಿಯ ಮೂಟೆಯೊಂದನ್ನು ಮೊಣಕಾಲು ಮಡಿಸದೆ, ಮೈಗೆ ತಬ್ಬಿಕೊಳ್ಳದೆ, ಬೆನ್ನನ್ನಷ್ಟೇ ಬಗ್ಗಿಸಿ ಎತ್ತಿ, ಎತ್ತಿದವನೇ ಪಕ್ಕಕ್ಕೆ ತಿರುಗಿದೆನು. ಸೊಂಟದಲ್ಲಿ ಏನೋ ಚಳಕ್ಕೆಂದಿತು, ಮೂಟೆ ಕೈತಪ್ಪಿತು, ಬಾಗಿದವನು ಬಾಗಿದಂತೆಯೇ ನಿಂತುಬಿಟ್ಟೆನು.

ಏತವನ್ನು ಬಲ್ಲವರಿಗೆ ಇದರ ಕಾರಣ ಸುಲಭವಾಗಿ ತಿಳಿದೀತು. ಉದ್ದದ ತುದಿಯಲ್ಲಿ ತೂಗುವ ಸಣ್ಣ ಭಾರಕ್ಕೂ ಗಿಡ್ಡ ತುದಿಯಲ್ಲಿ ದೊಡ್ಡ ಗುಂಡುಕಲ್ಲೇ ಬೇಕಾಗುವಂತೆ, ಬೆನ್ನೆಲುಬಿನಿಂದ ಅರ್ಧ ಮೀಟರು ಮುಂದಕ್ಕೆ ಹಿಡಿದ 10 ಕಿಲೋ ಭಾರವನ್ನು ತೂಗಿಸುವುದಕ್ಕೆ, ಎಲುಬಿನ ಹಿಂದೆ ಸುಮಾರು 5 ಸೆಂಟಿಮೀಟರಿನಷ್ಟು ಅಂತರದಲ್ಲಿರುವ ಸ್ನಾಯುಗಳು 100 ಕಿಲೋ ತೂಕಕ್ಕೆ ಸಮನಾದ ಬಲದಿಂದ ಜಗ್ಗಬೇಕಾಗುತ್ತದೆ. ಬಾಗಿದ ಮೈಯ ತೂಕ ಬೇರೆ. ಅದೇ ಭಾರವನ್ನು ಎದೆಗವಚಿಕೊಂಡು, ಮೊಣಕಾಲ ಬಲದಿಂದ ಎದ್ದರೆ ಏತದ ಉದ್ದ ತಗ್ಗುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ ನಾಚೆಮ್ಸನ್ ಬೆನ್ನೆಲುಬಿನ ಮಣಿಗಳ ನಡುವಣ ಮೆತ್ತೆಯೊಳಕ್ಕೆ ಸೂಜಿಯಿಳಿಸಿ ಒತ್ತಡವನ್ನು ಅಳೆದಾಗ ಕಂಡುದೂ ಇದೇ: ಮಲಗಿರುವಾಗ ಅತ್ಯಲ್ಪ, ಭಾರ ಹಿಡಿದು ಮುಂದೆ ಬಾಗಿದಾಗ ಅತ್ಯಧಿಕ. ದೇಹವನ್ನು ಹೊರೆಯ ಬಳಿಗೆ ತಗ್ಗಿಸಬೇಡ, ಹೊರೆಯನ್ನು ದೇಹದ ಎತ್ತರದಲ್ಲಿಯೇ ಇಳಿಸಿಕೋ ಎಂಬ ವಿವೇಕವನ್ನು ಹೊರೆಗಲ್ಲು ನಿಲ್ಲಿಸಿದವರು ಸೂಜಿಯಿಲ್ಲದೆಯೇ ಅರಿತಿದ್ದರು.

ಮೂರು ವಾರ ಅಲುಗಾಡದೆ ಮಲಗಿರೆಂದು ಹಿತೈಷಿಗಳು ಹೇಳಿದರು, ಮಲಗಿದೆನು. ಎದ್ದಾಗ ನೋವು ಇದ್ದೇ ಇದ್ದಿತು, ಕಾಲುಗಳ ಕಸುವು ಮಾತ್ರ ಹೋಗಿದ್ದಿತು. ಎರಡು ದಿನದ ವಿಶ್ರಾಂತಿಗಿಂತ ಏಳು ದಿನದ ವಿಶ್ರಾಂತಿಯಿಂದ ಹೆಚ್ಚಿನ ಪ್ರಯೋಜನವೇನೂ ಇಲ್ಲವೆಂದು 1986ರಲ್ಲಿಯೇ ಅಮೆರಿಕದ ವೈದ್ಯರು ಪರೀಕ್ಷಿಸಿ ತೋರಿಸಿದ್ದರೆಂಬುದನ್ನು ಆಮೇಲೆ ಓದಿ ತಿಳಿದೆನು. ಬೆಳೆದವರ ಮಣಿಮೆತ್ತೆಗಳಿಗೆ ರಕ್ತನಾಳಗಳು ಇಲ್ಲವೆನ್ನುವಷ್ಟು ಕಡಿಮೆ; ಒತ್ತಿದಾಗ ನೀರು ಬಿಟ್ಟು ಸಡಿಲಿಸಿದಾಗ ಹೀರಿಕೊಳ್ಳುವ ಒದ್ದೆ ಬಟ್ಟೆಯಂತೆ, ಮೈಯ ಚಲನೆಯಿಂದಲೇ ಅವಕ್ಕೆ ಪೋಷಣೆ. ಆದುದರಿಂದ ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದು, ಅದು ಎಷ್ಟೇ ನೆಟ್ಟನೆಯ ಭಂಗಿಯಾಗಿರಲಿ, ಬೆನ್ನಿಗೆ ಹಿತವಲ್ಲ.

ಇದನ್ನು ಪುಸ್ತಕಕ್ಕಿಂತ ಸ್ಪಷ್ಟವಾಗಿ ನನಗೆ ತೋರಿಸಿಕೊಟ್ಟವರು ದೊಡ್ಡಬಳ್ಳಾಪುರದ ನೇಕಾರರು. ಗುಳಿಮಗ್ಗದಲ್ಲಿ ಕಾಲಿಳಿಬಿಟ್ಟು ಕುಳಿತು ನೇಯುತ್ತಿದ್ದವರ ಮೊಮ್ಮಕ್ಕಳು ಇಂದು ವಿದ್ಯುತ್ ಮಗ್ಗಗಳ ಲಟಪಟದ ನಡುವೆ ದಿನವೆಲ್ಲ ನಿಂತು, ಎಳೆ ಕಡಿದಾಗಲೆಲ್ಲ ಸೀರೆಯ ಮೇಲೆ ಬಾಗುತ್ತಾರೆ. ‘ನಿಂತೂ ನಿಂತೂ ನಡ ಬಿದ್ದೋಗ್ತದೆ ಸ್ವಾಮಿ’ ಎಂದ ಒಬ್ಬ ವೃದ್ಧರು, ಮಗ್ಗದ ಬುಡದಲ್ಲಿ ಗೇಣುದ್ದದ ಮರದ ತುಂಡನ್ನಿಟ್ಟುಕೊಂಡು, ಒಮ್ಮೆ ಬಲಗಾಲನ್ನೂ ಒಮ್ಮೆ ಎಡಗಾಲನ್ನೂ ಅದರ ಮೇಲೇರಿಸಿ ನಿಲ್ಲುತ್ತಿದ್ದರು. ಕಂಡಿಕೆ ಬದಲಿಸುವ ಬಿಡುವಿನಲ್ಲಿ ಸೊಂಟಕ್ಕೆರಡು ಕೈಗಳನ್ನೂ ಕೊಟ್ಟು ಮೆಲ್ಲಗೆ ಹಿಂದಕ್ಕೆ ಬಾಗುತ್ತಿದ್ದರು. ನಮ್ಮ ರಾಗಿಹೊಲದಲ್ಲಿ ಕಳೆ ಕೀಳುವ ಹೆಂಗಸರೂ ಸಾಲು ಮುಗಿದೊಡನೆ ಬದುವಿನ ಮೇಲೆ ನಿಂತು ಹೀಗೆಯೇ ಬಾಗುವುದನ್ನು ಕಂಡಿದ್ದೆನು. ದೇವನಹಳ್ಳಿಯ ಕಡೆ ಗಣಕಯಂತ್ರದ ಮುಂದೆ ಕುಳಿತು ದುಡಿಯುವ ತರುಣರಿಗೆ ಸಾಲೂ ಇಲ್ಲ, ಬದುವೂ ಇಲ್ಲ. ಅರ್ಧ ಗಂಟೆಗೊಮ್ಮೆ ಏಳುವುದನ್ನು ಅವರು ತಾವಾಗಿಯೇ ರೂಢಿಸಿಕೊಳ್ಳಬೇಕು.

ನಡಿಗೆಯ ಮಾತನ್ನೂ ಇಲ್ಲಿಯೇ ಹೇಳಿಬಿಡುವೆನು. ಬೆನ್ನುನೋವಿನಿಂದ ಚೇತರಿಸಿಕೊಂಡ 701 ಮಂದಿಯನ್ನು ಕುರಿತು ಆಸ್ಟ್ರೇಲಿಯದಲ್ಲಿ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಡಿಗೆಯ ಕ್ರಮವನ್ನು ಹೇಳಿಕೊಟ್ಟವರಿಗೆ ನೋವು ಮರಳುವುದಕ್ಕೆ ಮಧ್ಯಮಾಂಕದಂತೆ 208 ದಿನಗಳು ಹಿಡಿದರೆ, ಉಳಿದವರಿಗೆ ಹಿಡಿದುದು 112 ದಿನಗಳು. ಅರಿಯದೆ ಉಳುಕಿದ ನಡು ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನೇ ಸರಿಹೋಗುತ್ತದೆ. ಬಿಸಿನೀರಿನ ಶಾಖದಿಂದ ಹಾಯೆನಿಸುತ್ತದೆ. ಆದರೆ ಕಾಲಿನ ಶಕ್ತಿ ಉಡುಗಿದರೆ, ತೊಡೆಗಳ ನಡುವೆ ಸ್ಪರ್ಶ ತಿಳಿಯದಾದರೆ, ಮಲಮೂತ್ರಗಳ ಹಿಡಿತ ತಪ್ಪಿದರೆ, ನೋವಿನೊಡನೆ ಜ್ವರ ಬಂದರೆ, ಎಣ್ಣೆ ನೀವುತ್ತ ಕೂರದೆ ಆ ದಿನವೇ ಆಸ್ಪತ್ರೆಗೆ ಹೋಗತಕ್ಕದ್ದು. ತಡಮಾಡಿದರೆ ಕಾಲೇ ಬಾರದೆ ಹೋಗಬಹುದು.

ರಸ್ತೆ ಅಗಲವಾದಾಗ ನಮ್ಮ ಹೊರೆಗಲ್ಲಿನ ಕಂಬಗಳು ಉರುಳಿದುವು. ಚಪ್ಪಡಿಯನ್ನು ಊರವರ ಒಪ್ಪಿಗೆ ಪಡೆದು ಗಾಡಿಯಲ್ಲಿ ತಂದು, ಬೀದಿಗೆ ಎದುರಾಗಿ ಮನೆಯ ಜಗುಲಿಯ ಮಗ್ಗುಲಲ್ಲಿ ಎದೆಯೆತ್ತರದ ಗೋಡೆ ಕಟ್ಟಿಸಿ ಅದರ ಮೇಲಿರಿಸಿದೆನು. ಬೆಳಗಾದರೆ ಬರುವ ಸೊಪ್ಪಿನ ಅಜ್ಜಿ ಮೊದಲೆಲ್ಲ ಬಾಗಿಲಲ್ಲಿ ನಿಂತು, ‘ಒಂದು ಕೈ ಹಾಕ್ರಪ್ಪಾ’ ಎಂದು ಕೂಗುತ್ತಿದ್ದಳು. ಈಗ ಅವಳು ಯಾರನ್ನೂ ಕರೆಯದೆ ನೇರವಾಗಿ ಆ ಕಲ್ಲಿನ ಬಳಿಗೆ ಹೋಗಿ, ಕೊರಳನ್ನು ತುಸುವೇ ಮುಂದೆ ಚಾಚುತ್ತಾಳೆ.