ಈ ಸಲಾನೂ ಎಲೆ ಹಾಸ್ತೀನಿ

ಬೇವು, ಹೊಂಗೆ ಎಲೆ ಉದುರೋಕೆ ಶುರುವಾಗೈತೆ. ನಿನ್ನೆಯಿಂದ ಗೊಬ್ಬರದ ಖಾಲಿ ಚೀಲ ಹಿಡ್ಕೊಂಡು ಗುಡಿಸಿ ತುಂಬ್ತಾ ಇದ್ದೀನಿ. "ಮತ್ತೆ ಹಾಸ್ತೀರಾ?" ಅಂದಳು ಮನೆಯಾಕೆ. ಹಂಗೆ ಕೇಳೋಕೆ ಕಾರಣ ಐತೆ.

ನಮ್ಮದು ಕುರುಗೋಡು ಕಡೆ ಎರೆ ಭೂಮಿ, ಅಂಜೂರದ ತೋಟ. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತೆ, ಒಣಗಿದರೆ ಬಾಯಿ ಬಿಡುತ್ತೆ. ಮಾರ್ಚಿ ಬಂತಂದ್ರೆ ಬಿರುಕಿನೊಳಗೆ ಕೈ ಇಳಿಸಬಹುದು. ಅಂಜೂರದ ಬೇರು ಮೇಲ್ಮಣ್ಣಲ್ಲೇ ಹೆಚ್ಚು. ಬಿರುಕು ಬಿಟ್ಟಾಗ ಸಣ್ಣ ಬೇರು ಹರೀತಾವೆ, ಒಳಗಿನ ತೇವಾನೂ ಅಲ್ಲಿಂದಲೇ ಆರಿಹೋಗುತ್ತೆ. ಬಳ್ಳಾರಿಯಲ್ಲಿ 1954ರಷ್ಟು ಹಿಂದೆಯೇ ಮಣ್ಣು-ನೀರು ಉಳಿಸೋ ಸಂಶೋಧನಾ ಕೇಂದ್ರ ಮಾಡಿದ್ದು ಸುಮ್ಮನೆ ಅಲ್ಲ.

ನಮ್ಮಪ್ಪ ಎಲೆ ಕಂಡರೆ ಕಡ್ಡಿ ಗೀರೋರು. ನಾನೂ ಬಹಳ ವರ್ಷ ಹಂಗೇ ಮಾಡಿದೆ. ಆಮೇಲೆ ಗಿಡದ ಬುಡಕ್ಕೆ ನಾಲ್ಕು ಬೆರಳು ದಪ್ಪ ಹಾಸೋಕೆ ಶುರು ಮಾಡಿದೆ. ಮೊದಲನೇ ವರ್ಷ ಫರಕು ಕಾಣಲಿಲ್ಲ. ಮೂರನೇ ಬೇಸಿಗೆಗೆ ಎಲೆ ಸರಿಸಿ ನೋಡಿದರೆ ಬಿರುಕು ಇಲ್ಲ, ಎರೆಹುಳದ ಹಿಕ್ಕೆ! ದಿನ ಬಿಟ್ಟು ದಿನ ಬಿಡ್ತಿದ್ದ ಡ್ರಿಪ್ ನೀರು ನಾಲ್ಕು ದಿನಕ್ಕೊಮ್ಮೆ ಸಾಕಾಯ್ತು. ಈಗ ಬಳ್ಳಾರಿ ಸಿಟಿಯಾಗೆ ರಸ್ತೆ ಬದಿ ಎಲೆ ಗುಡ್ಡೆ ಸುಡೋದು ಕಂಡರೆ ನನ್ನ ಹೊಟ್ಟೆ ಉರಿಯುತ್ತೆ.

ಹೋದ ವರ್ಷ ಏಪ್ರಿಲ್ ಕೊನೆಗೆ ಸಿರುಗುಪ್ಪಕ್ಕೆ ಮದುವೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ಫೋನ್ ಬಂತು. ಪಕ್ಕದ ಹೊಲದೋರು ಮಿಷನ್‌ನಲ್ಲಿ ಭತ್ತ ಕೊಯ್ಸಿ ಕೂಳೆಗೆ ಬೆಂಕಿ ಇಟ್ಟಿದ್ದರು. ಗಾಳಿ ತಿರುಗಿ ಬೆಂಕಿ ಬದು ದಾಟಿತ್ತು. ನಾನು ಹಾಸಿದ ಎಲೆಯೇ ಅದಕ್ಕೆ ದಾರಿ ಆಯ್ತು. ಹದಿನಾಲ್ಕು ಗಿಡ ಸುಟ್ಟವು, ಡ್ರಿಪ್ ಪೈಪು ಕರಗಿ ಮುದ್ದೆ. ಹೊಲದೋರು ನನಗೆ ವರಸೆಯಲ್ಲಿ ಮಾಮ ಆಗಬೇಕು. ಒಂಬತ್ತು ತಿಂಗಳು ಮಾತಾಡಲಿಲ್ಲ.

ಆದರೆ ಬದುವಿನ ತನಕ ಎಲೆ ಹರಡಿದ್ದು ಯಾರು? ನಾನೇ. ಮಳೆಗಾಲದಾಗೆ ಒಂಬತ್ತು ಗಿಡ ಬುಡದಿಂದ ಮತ್ತೆ ಚಿಗುರಿದವು. ಐದು ಹೋದವು.

ಈ ಸಲ ಬದುವಿನ ಪಕ್ಕ ಹತ್ತು ಅಡಿ ಬರೀ ಮಣ್ಣು ಬಿಟ್ಟೀನಿ, ಒಂದು ಕಡ್ಡಿ ಹುಲ್ಲೂ ಇಲ್ಲ. ಎಲೆ ಗಿಡದ ನೆರಳಿನಷ್ಟಕ್ಕೆ ಮಾತ್ರ. ಕಾಂಡಕ್ಕೆ ತಾಗಿಸೋದಿಲ್ಲ, ಒಂದು ಗೇಣು ದೂರ. ತಾಗಿದರೆ ಕೊಳೆ, ಗೆದ್ದಲು ಎರಡೂ ಬರ್ತಾವೆ. ಹಾಸಿದ ಮೇಲೆ ಸಗಣಿ ನೀರು ಚಿಮುಕಿಸಿ ಎರಡು ಬುಟ್ಟಿ ಮಣ್ಣು ಉದುರಿಸ್ತೀನಿ. ಗಾಳಿಗೆ ಹಾರಲ್ಲ, ಬೇಗ ಕರಗುತ್ತೆ. ಎಲೆ ಎತ್ತುವಾಗ ಕೋಲಿಂದ ತಟ್ಟಿ, ಬರಿಗೈ ಹಾಕಬ್ಯಾಡ್ರಿ. ಚೇಳು ಇರ್ತಾವೆ.

ಮೊನ್ನೆ ಹೋಟೆಲ್‌ನಾಗೆ ಮಾಮ ಸಿಕ್ಕ. ನಾನೇ ಹೋಗಿ ಪಕ್ಕ ಕೂತೆ.

"ಮಾಮ, ಈ ಸಲ ಹುಲ್ಲು ಸುಡಬ್ಯಾಡ, ನಾನು ಒಯ್ತೀನಿ."

"ಆಳಿನ ಕೂಲಿ?"

"ನಾನೇ ಕೊಡ್ತೀನಿ."

ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಎದ್ದು ಹೋಗುವಾಗ ಎರಡೂ ಚಾದ ದುಡ್ಡು ಆತನೇ ಕೊಟ್ಟ.