ರಾಜಹಂಸಗಡದ ನೆತ್ತಿಯಲ್ಲಿ

ಕಾಶಿ, ಕೇದಾರ, ಶ್ರೀಶೈಲಗಳ ಯಾತ್ರಾವರ್ಣನೆಗಳನ್ನು ಓದುಗ ಬಂಧುಗಳು ಸಾಕಷ್ಟು ಓದಿದ್ದಾರೆ. ನಾವು ಹೇಳಹೊರಟಿರುವುದು ಮನೆಯ ಸಮೀಪದ ಗುಡ್ಡದ ಮಾತು. ಶಹಾಪುರದವರಾದ ನಮಗೆ ಯಳ್ಳೂರು ಗಡ, ಅಂದರೆ ರಾಜಹಂಸಗಡ, ಬಾಲ್ಯದಿಂದಲೂ ದಕ್ಷಿಣ ದಿಕ್ಕಿನ ಗುರುತು. ಬೆಳಗಾವಿಯ ನೆಲವೇ ಸಮುದ್ರಮಟ್ಟದಿಂದ ಸುಮಾರು 2,500 ಅಡಿ ಮೇಲಿರುವುದರಿಂದ ದೂರದ ನೋಟಕ್ಕೆ ಗಡವು ಅಷ್ಟೇನೂ ಎತ್ತರವೆನಿಸದು. ಹತ್ತಿದವರಿಗೇ ಅದರ ಅಳತೆ ಗೊತ್ತು.

ಕಳೆದ ಕಾರ್ತಿಕ ಸೋಮವಾರದಂದು, ಎಪ್ಪತ್ತೆಂಟು ವಯಸ್ಸಿನ ನಮ್ಮ ತಾಯಿಯವರು ಗಡದ ಸಿದ್ಧೇಶ್ವರನ ದರ್ಶನವಾಗಲೇಬೇಕೆಂದು ಹಟ ಹಿಡಿದರು. ಚಿಕ್ಕವರಿದ್ದಾಗ ಓಣಿಯ ಹೆಣ್ಣುಮಕ್ಕಳೊಡನೆ ಬುತ್ತಿ ಕಟ್ಟಿಕೊಂಡು, ಗದ್ದೆಯ ಬದುವಿನ ಮೇಲೆ ನಡೆದೇ ಹೋಗುತ್ತಿದ್ದರಂತೆ. ಈಗ ಕೋಟೆಯ ಬಳಿಯವರೆಗೂ ರಸ್ತೆಯಿದೆ. ಲಿಂಗಪೂಜೆ ಮುಗಿಸಿ, ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ಬಾಡಿಗೆ ಕಾರಿನಲ್ಲಿ ಹೊರಟೆವು. ಕೊನೆಯ ಏರು ಬಂದಾಗ ತಾಯಿಯವರು, "ಇಲ್ಲೇ ನಿಲ್ಲಸ್ರಿ. ಗುಡ್ಡಾ ಹತ್ತೀನಿ ಅಂತ ಹೇಳಾಕರ ಬೇಕಲ್ಲ?" ಎಂದು ಇಳಿದೇಬಿಟ್ಟರು. ಮೊಮ್ಮಗನ ಕೈಹಿಡಿದು, ನಾಲ್ಕು ಕಡೆ ಕುಳಿತು, ದಣಿವಾರಿಸಿಕೊಂಡು ಮೇಲೆ ಬಂದರು. ನಮಗೂ ಉಸಿರು ಹತ್ತಿತ್ತೆಂಬುದನ್ನು ಮುಚ್ಚಿಡುವುದೇಕೆ?

ಈ ಕೋಟೆಯ ಮೂಲ ರಟ್ಟರ ಕಾಲದ್ದೆಂಬುದು ರೂಢಿಯ ಮಾತು. ಮುಂದೆ ಆದಿಲಶಾಹಿಯವರೂ ಮರಾಠರೂ ಇದನ್ನು ಆಳಿದರು. 2023ರ ಮಾರ್ಚಿನಲ್ಲಿ ಅನಾವರಣಗೊಂಡ ಶಿವಾಜಿ ಮಹಾರಾಜರ ಭವ್ಯ ಪ್ರತಿಮೆಯನ್ನು ನೋಡಲು ಈಗ ಜನ ಹೆಚ್ಚಾಗಿ ಬರುತ್ತಾರೆ. ಸಿದ್ಧೇಶ್ವರನ ಗುಡಿಯಲ್ಲಿ ಮಾತ್ರ ಅಂದು ಗದ್ದಲವಿರಲಿಲ್ಲ.

ದರ್ಶನವಾದ ಬಳಿಕ ಕೋಟೆಯ ಗೋಡೆಯ ಬಳಿ ನಿಂತೆವು. ಪಶ್ಚಿಮಕ್ಕೆ ಘಟ್ಟದ ನೀಲಿ ಸಾಲು. ಉತ್ತರಕ್ಕೆ ಹೊಂಬಣ್ಣದ ಭತ್ತದ ಗದ್ದೆಗಳು, ಅವುಗಳಾಚೆ ವಡಗಾವಿ, ಶಹಾಪುರ, ಬೆಳಗಾವಿ ಒಂದೇ ಊರಾಗಿ ಹರಡಿದ್ದವು. ಬೆಳಗಾವಿಯು ಬ್ರಿಟಿಷರದಾಗಿದ್ದಾಗ ನಮ್ಮ ಶಹಾಪುರ ಸಾಂಗ್ಲಿ ಸಂಸ್ಥಾನದ್ದು. 1948ರವರೆಗೂ ಹಾಗೆಯೇ ಇತ್ತು. ಆ ಗಡಿ ಎಲ್ಲಿತ್ತೆಂದು ಮೇಲಿನಿಂದ ಹುಡುಕಿದರೂ ಕಾಣದು. ಕಾಣುವ ಗಡಿ ಬೇರೆ: ಗದ್ದೆ ಮುಗಿದು ಮನೆಗಳು ತೊಡಗುವ ಗೆರೆ. ಯಳ್ಳೂರು, ವಡಗಾವಿ, ಶಹಾಪುರದ ಶಿವಾರಗಳ ಕಪ್ಪು ಮಣ್ಣಿನಲ್ಲಿ ಬೆಳೆದ ಬೆಳಗಾವಿ ಬಾಸುಮತಿಯು ಒಂದು ಮನೆಯಲ್ಲಿ ಬೆಂದರೆ ಓಣಿಗೆಲ್ಲ ತಿಳಿಯುತ್ತಿತ್ತು. ಮಳೆಗಾಲದಲ್ಲಿ ಬಳ್ಳಾರಿ ನಾಲೆ ಉಕ್ಕಿ ಪೈರು ಕೊಳೆಯುವುದು, ಕಡಿಮೆ ಇಳುವರಿ, ಮೇಲೆ ನಿವೇಶನಗಳ ಬೆಲೆ. ರೈತನಾದರೂ ಏನು ಮಾಡಿಯಾನು?

"ನಮ್ಮ ಹೊಲ ಯಾವುದಪಾ?" ಎಂದು ತಾಯಿಯವರು ಕೇಳಿದರು. ತಂದೆಯವರು ತೀರಿಕೊಂಡ ಮೇಲೆ, 2006ರಲ್ಲಿ, ಅದನ್ನು ಮಾರಿದವರು ನಾವೇ. ಅಲ್ಲಿ ಏನಾಗಿದೆಯೆಂದು ಅವರಿಗೆ ಹೇಳಿರಲಿಲ್ಲ. ಬಾಯಿಗೆ ಬಂದಂತೆ ಒಂದು ಗದ್ದೆಯತ್ತ ಕೈ ತೋರಿದೆವು.

"ಅದಲ್ಲ. ಆ ಗುಲಾಬಿ ಬಣ್ಣದ ಮನಿ ಐತಲ್ಲ, ಅದು," ಎಂದರು ಅವರು. ಬಳಿಕ ಬುತ್ತಿ ಬಿಚ್ಚಿ ಮೊಮ್ಮಗನಿಗೆ ರೊಟ್ಟಿ ಮುರಿದುಕೊಟ್ಟರು.

ಇಳಿದು ಬರುವಾಗ ಯಳ್ಳೂರಿನಲ್ಲಿ ಕಾರು ನಿಲ್ಲಿಸಿ, ಪರಿಚಯದ ರೈತರೊಬ್ಬರ ಮನೆಯಲ್ಲಿ ಐದು ಸೇರು ಹಳೆಯ ಬಾಸುಮತಿ ಅಕ್ಕಿ ಅಳೆಸಿಕೊಂಡೆವು. ನಾವು ಚೌಕಾಸಿಗೆ ಬಾಯಿ ತೆರೆದಾಗ ತಾಯಿಯವರು ಕಣ್ಣಿನಿಂದಲೇ ತಡೆದು, ತಮ್ಮ ಚಂಚಿಯಿಂದ ಹಣ ತೆಗೆದು ಕೊಟ್ಟರು.